ಬೈಕಿಗೆ ಫ್ಯೂಯಲ್ ಮಾಡ್ಯೂಲ್ ಮನೆಯಲ್ಲೇ ಕೂರಿಸುವುದು ಹೇಗೆ

ಗಂಗಾವತಿ, ಕಾರಟಗಿ ಕಡೆ ಸುಗ್ಗಿ ಟೈಮಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರ್ ಹಿಂದೆ ಎರಡನೇ ಗೇರಲ್ಲಿ ಹೋಗುವಾಗ ಬೈಕು ಜಗ್ಗಿ ಜಗ್ಗಿ ಹೋಗುತ್ತದಾ? ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಒಳಗೆ ಪಟಪಟ ಅನ್ನುತ್ತದಾ? ಹಾಗಿದ್ದರೆ ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಹೋಗುತ್ತಿರಬಹುದು. ಇದಕ್ಕೆ ಲೀನ್ ಅಂತಾರೆ. ಸೈಲೆನ್ಸರ್ ಅಥವಾ ಏರ್ ಫಿಲ್ಟರ್ ಬದಲಾಯಿಸಿದ ಬೈಕಲ್ಲಿ ಇದು ಇನ್ನೂ ಜಾಸ್ತಿ.

ಮೊದಲಾದರೆ ಮೆಕ್ಯಾನಿಕ್ ಕಾರ್ಬುರೇಟರ್ ಸ್ಕ್ರೂ ಸ್ವಲ್ಪ ತಿರುಗಿಸಿ ಸರಿ ಮಾಡಿ ಕೊಡುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಅನ್ನುವ ಹೊಗೆ ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳು ಫ್ಯೂಯಲ್ ಇಂಜೆಕ್ಷನ್ ಆದವು. ಈಗ ಪೆಟ್ರೋಲ್ ಎಷ್ಟು ಬಿಡಬೇಕು ಅನ್ನುವುದನ್ನು ಇಸಿಯು, ಅಂದರೆ ಬೈಕಿನ ಒಳಗಿನ ಚಿಕ್ಕ ಕಂಪ್ಯೂಟರ್, ತೀರ್ಮಾನ ಮಾಡುತ್ತದೆ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕೆಲವೇ ಮಿಲಿಸೆಕೆಂಡ್ ತೆರೆದು ಮುಚ್ಚುತ್ತದೆ. ಫ್ಯೂಯಲ್ ಮಾಡ್ಯೂಲ್ ಅನ್ನುವ ಚಿಕ್ಕ ಎಲೆಕ್ಟ್ರಾನಿಕ್ ಡಬ್ಬಿ ಮಾಡುವ ಕೆಲಸ ಇಷ್ಟೇ: ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂತು ಆ ತೆರೆದಿರುವ ಹೊತ್ತನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡುವುದು. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಮಾಡುವ ಫ್ಯೂಯಲ್‌ಎಕ್ಸ್, ಹೊರದೇಶದ ಪವರ್ ಕಮಾಂಡರ್, ಇವೆಲ್ಲ ಇದೇ ಜಾತಿಯವು. ಇದನ್ನು ಹಾಕಿದರೆ 350 ಸಿಸಿ ಬೈಕು 500 ಸಿಸಿ ಆಗಿಬಿಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಓಟ ನಯ ಆಗುತ್ತದೆ, ಜರ್ಕ್ ಹೋಗುತ್ತದೆ. ನನ್ನ ಪ್ರಕಾರ ಅದೇ ದೊಡ್ಡ ಲಾಭ.

ದುಡ್ಡು ಹಾಕುವ ಮೊದಲು ಬೇರೆ ನಾಲ್ಕು ಕಡೆ ನೋಡಿ. ಚೈನ್ ಸಡಿಲ ಇದ್ದರೂ ಬೈಕು ಹೀಗೇ ಜಗ್ಗುತ್ತದೆ, ಎಷ್ಟೋ ಜನ ಅದನ್ನು ಬಿಟ್ಟು ಎಲೆಕ್ಟ್ರಾನಿಕ್ಸ್ ಹಿಂದೆ ಬೀಳುತ್ತಾರೆ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿಗಳ ಹಿಂದೆ ದಿನಾ ಓಡಾಡುವವರ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ, ಕಂಪನಿ ಹೇಳಿದ ಕಿಲೋಮೀಟರ್ ತನಕ ಕಾಯದೆ ತೆಗೆದು ನೋಡಿ. ಪ್ಲಗ್ ಬಿಚ್ಚಿ ನೋಡಿ: ತುದಿ ಬೆಳ್ಳಗಿದ್ದರೆ ಲೀನ್, ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಈಗಲೇ ಜಾಸ್ತಿ, ತಿಳಿ ಕಂದು ಇದ್ದರೆ ಸರಿ ಇದೆ. ಸೈಲೆನ್ಸರ್ ಬೆಂಡ್ ಎಂಜಿನ್‌ಗೆ ಸೇರುವ ಕಡೆ ಗ್ಯಾಸ್ಕೆಟ್ ಲೀಕ್ ಇದ್ದರೆ ಅಲ್ಲಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ಪಟಪಟ ಸದ್ದಿಗೂ ಅದೇ ಕಾರಣ ಇರಬಹುದು. ಇದೆಲ್ಲ ಸರಿ ಇದ್ದೂ ಜರ್ಕ್ ಇದ್ದರೆ ಮಾತ್ರ ಮಾಡ್ಯೂಲ್ ತನ್ನಿ.

ಈಗಿನ ಪೆಟ್ರೋಲ್ ಬಗ್ಗೆಯೂ ಒಂದು ಮಾತು. ಬರೀ ಪೆಟ್ರೋಲ್ ಪೂರ್ತಿ ಉರಿಯಲು 1 ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಶೇ 20 ಎಥೆನಾಲ್ ಬೆರೆಸಿದ ಇ20ಗೆ ಹೆಚ್ಚು ಕಡಿಮೆ 13.5 ಗ್ರಾಂ ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಬೇಕು. ನಿಧಾನ ಓಡುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಇದನ್ನು ಸರಿ ಮಾಡಿಕೊಳ್ಳುತ್ತದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಬಹುತೇಕ ಬೈಕುಗಳು ಆ ಸೆನ್ಸರ್ ಮಾತು ಕೇಳುವುದಿಲ್ಲ. ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಲೀನ್ ಆಗಿ ಎಂಜಿನ್ ಕಾಯುವುದು ಒಳ್ಳೆಯದಲ್ಲ, ಅಲ್ವಾ?

ನಿಮ್ಮ ಬೈಕಿನ ಮಾಡೆಲ್ ಮತ್ತು ವರ್ಷಕ್ಕೆ ಅಂತಲೇ ಮಾಡಿದ ಕಿಟ್ ತೆಗೆದುಕೊಳ್ಳಿ. ಕಿಟ್‌ನ ಕಪ್ಲರ್‌ಗಳು, ಅಂದರೆ ವೈರ್ ಜೋಡಿಸುವ ಪ್ಲಾಸ್ಟಿಕ್ ಪ್ಲಗ್‌ಗಳು, ಕಂಪನಿ ಕಪ್ಲರ್‌ಗೆ ನೇರ ಕೂರಬೇಕು. ವೈರ್ ಕತ್ತರಿಸಿ ಟೇಪ್ ಸುತ್ತುತ್ತೇನೆ ಅನ್ನುವವರ ಕೈಗೆ ಬೈಕು ಕೊಡಲೇಬೇಡಿ, ಆ ಜಾಯಿಂಟ್ ಮಳೆಗಾಲದಲ್ಲಿ ಹಸಿರು ಹಿಡಿದು ದಾರಿಯಲ್ಲೇ ಕೈ ಕೊಡುತ್ತದೆ.

ಕೆಲಸಕ್ಕೆ ಬೆಳಿಗ್ಗೆ ಕೂರಿ, ಎಂಜಿನ್ ಪೂರ್ತಿ ತಣ್ಣಗಿರಲಿ. ಸೀಟು ಬಿಚ್ಚಿ, ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಬಿಚ್ಚುವ ಮೊದಲು ಪ್ರತಿ ಕಪ್ಲರ್‌ನ ಫೋಟೋ ಮೊಬೈಲಲ್ಲಿ ತೆಗೆದುಕೊಳ್ಳಿ. ಇಂಜೆಕ್ಟರ್ ಇರುವುದು ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಹತ್ತಿರ. ಕೆಲವು ಬೈಕಲ್ಲಿ ಟ್ಯಾಂಕ್ ಎತ್ತದೆ ಕೈ ಹೋಗುವುದಿಲ್ಲ. ಟ್ಯಾಂಕ್ ಬಿಚ್ಚಬೇಕಾದರೆ ಹುಷಾರು. ಪೆಟ್ರೋಲ್ ಪೈಪಲ್ಲಿ ಪಂಪಿನ ಒತ್ತಡ ಇರುತ್ತದೆ, ಸಾಮಾನ್ಯವಾಗಿ 3 ಬಾರ್ ಆಸುಪಾಸು. ಪೈಪ್ ಜಾಯಿಂಟ್‌ಗೆ ಬಟ್ಟೆ ಸುತ್ತಿಕೊಂಡೇ ಬಿಡಿಸಿ, ಹತ್ತಿರ ಬೀಡಿ, ಸಿಗರೇಟು, ಒಲೆ ಏನೂ ಇರಬಾರದು.

ಇಂಜೆಕ್ಟರ್ ಕಪ್ಲರ್‌ನ ಲಾಕ್ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ. ಬೈಕಿನ ಕಡೆಯ ಕಪ್ಲರ್ ಮಾಡ್ಯೂಲ್‌ಗೆ, ಮಾಡ್ಯೂಲ್‌ನ ಇನ್ನೊಂದು ಕಪ್ಲರ್ ಇಂಜೆಕ್ಟರ್‌ಗೆ ಹಾಕಿ. ಟಕ್ ಅಂತ ಸದ್ದು ಬರಬೇಕು. ಇಂಟರ್‌ಸೆಪ್ಟರ್ 650ರಂಥ ಎರಡು ಸಿಲಿಂಡರ್ ಬೈಕಲ್ಲಿ ಇಂಜೆಕ್ಟರ್ ಎರಡು ಇರುತ್ತವೆ, ಎಡಬಲ ಅದಲು ಬದಲಾಗದ ಹಾಗೆ ಗುರುತು ಹಾಕಿಕೊಳ್ಳಿ. ಆಮೇಲೆ ಸೈಲೆನ್ಸರ್ ಬೆಂಡ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ವೈರ್ ಹಿಡಿದು ಹೋಗಿ ಅದರ ಕಪ್ಲರ್ ಹುಡುಕಿ, ಅಲ್ಲೂ ಹೀಗೇ ಮಾಡಿ. ಈ ಕನೆಕ್ಷನ್ ಯಾಕೆ ಮುಖ್ಯ ಅಂದರೆ, ಇದು ಇಲ್ಲದಿದ್ದರೆ ಮಾಡ್ಯೂಲ್ ಪೆಟ್ರೋಲ್ ಜಾಸ್ತಿ ಬಿಟ್ಟ ತಕ್ಷಣ ಸೆನ್ಸರ್ ಅದನ್ನು ಇಸಿಯುಗೆ ಹೇಳುತ್ತದೆ, ಇಸಿಯು ಮತ್ತೆ ಕಡಿಮೆ ಮಾಡುತ್ತದೆ. ಇಂಜೆಕ್ಟರ್ ಒಂದಕ್ಕೇ ಹಾಕಿ ಸೆನ್ಸರ್ ಬಿಟ್ಟರೆ ನಿಧಾನ ಓಟದ ಜರ್ಕ್ ಹಾಗೇ ಉಳಿಯುವುದು ಇದಕ್ಕೇ. ನಿಮ್ಮ ಕಿಟ್‌ನಲ್ಲಿ ಥ್ರಾಟಲ್ ಅಥವಾ ಕ್ರ್ಯಾಂಕ್ ಸೆನ್ಸರ್‌ಗೂ ವೈರ್ ಕೊಟ್ಟಿದ್ದರೆ ಅದರ ಚೀಟಿಯಲ್ಲಿ ಹೇಳಿದ ಹಾಗೇ ಹಾಕಿ.

ಅರ್ಥ್ ವೈರ್ ನೇರ ಬ್ಯಾಟರಿ ನೆಗೆಟಿವ್‌ಗೇ ಹೋಗಲಿ. ಪೇಂಟ್ ಇರುವ ಚಾಸಿ ಬೋಲ್ಟ್‌ಗೆ ಹಾಕಿದರೆ ಸರಿಯಾಗಿ ತಾಗುವುದಿಲ್ಲ, ಬೈಕು ಒಮ್ಮೆ ಚೆನ್ನಾಗಿ ಓಡಿ ಒಮ್ಮೆ ಮಿಸ್ ಹೊಡೆಯುತ್ತದೆ, ಕಾರಣ ಹುಡುಕುವುದರಲ್ಲೇ ಸಾಕಾಗುತ್ತದೆ. ವೈರ್‌ಗಳನ್ನು ಕಂಪನಿ ವೈರಿಂಗ್ ಜೊತೆಗೇ ಕೇಬಲ್ ಟೈ ಹಾಕಿ ಕಟ್ಟಿ. ಸೈಲೆನ್ಸರ್‌ಗೆ ತಾಗಬಾರದು, ಪ್ಲಗ್ ವೈರ್‌ನಿಂದ ದೂರ ಇರಬೇಕು. ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ಎಲ್ಲೂ ಎಳೆಯುತ್ತಿಲ್ಲ ಅಂತ ನೋಡಿ. ಮಾಡ್ಯೂಲ್ ಸೀಟಿನ ಕೆಳಗೆ ಕೂರಿಸಿ, ಕುಣಿಯಬಾರದು.

ಬ್ಯಾಟರಿ ವೈರ್ ಹಾಕಿ, ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಪಂಪಿನ ಸದ್ದು ನಿಲ್ಲುವ ತನಕ ಕಾಯಿರಿ. ಎರಡು ಸಲ ಹೀಗೆ ಮಾಡಿ, ಪೆಟ್ರೋಲ್ ಎಲ್ಲೂ ಜಿನುಗುತ್ತಿಲ್ಲ ಅಂತ ಖಚಿತ ಮಾಡಿಕೊಂಡು ಸ್ಟಾರ್ಟ್ ಮಾಡಿ. ಚೆಕ್ ಎಂಜಿನ್ ಲೈಟ್ ಆರಬೇಕು. ಆರದಿದ್ದರೆ ಆಫ್ ಮಾಡಿ, ಕಪ್ಲರ್ ಮತ್ತೊಮ್ಮೆ ಒತ್ತಿ ನೋಡಿ, ಹೆಚ್ಚಿನ ಸಲ ಅಲ್ಲೇ ಇರುತ್ತದೆ ತೊಂದರೆ.

ಮ್ಯಾಪ್, ಅಂದರೆ ಪೆಟ್ರೋಲ್ ಎಷ್ಟು ಹೆಚ್ಚಿಸಬೇಕು ಅನ್ನುವ ಸೆಟ್ಟಿಂಗ್, ಬದಲಾಯಿಸುವ ಸೌಲಭ್ಯ ಇದ್ದರೆ ಎಲ್ಲಕ್ಕಿಂತ ಮೆದು ಮ್ಯಾಪ್‌ನಿಂದ ಶುರು ಮಾಡಿ. ಕೊಪ್ಪಳದಿಂದ ಹೊಸಪೇಟೆ ಕಡೆ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ಆಮೇಲೆ ಊರೊಳಗೆ ಹಂಪ್‌ಗಳ ಮೇಲೆ ನಿಧಾನ ಓಡಿಸಿ. ಜರ್ಕ್ ಹೋದರೆ ಅಲ್ಲೇ ನಿಲ್ಲಿಸಿ, ಇನ್ನೂ ಪಿಕಪ್ ಬರಲಿ ಅಂತ ಸುಮ್ನೆ ಏರಿಸುತ್ತಾ ಹೋಗಬೇಡಿ. ಪೆಟ್ರೋಲ್ ಜಾಸ್ತಿ ಆದರೆ ಮೈಲೇಜ್ ಇಳಿಯುತ್ತದೆ, ಹೊಗೆ ಬರುತ್ತದೆ, ಸೈಲೆನ್ಸರ್ ಒಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.

ಕಾನೂನಿನ ವಿಷಯ ತಿಳಿದೇ ಕೈ ಹಾಕಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗುವಂಥ ಬದಲಾವಣೆಗೆ ತಡೆ ಹಾಕುತ್ತದೆ, ಎಮಿಷನ್ ಟೆಸ್ಟ್ ಪಾಸ್ ಆಗಲೇಬೇಕು, ವಾರಂಟಿ ಇರುವ ಬೈಕಾದರೆ ಕಂಪನಿ ಅದನ್ನು ನಿರಾಕರಿಸಬಹುದು. ವಾರಂಟಿ ಮುಗಿಯುವ ತನಕ ಕಾಯುವುದೇ ಮೇಲು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ವಾಟರ್ ಸರ್ವಿಸ್‌ಗೆ ಕೊಟ್ಟಾಗ ಸೀಟಿನ ಕೆಳಗೆ ಜೋರು ನೀರು ಹೊಡೆಯಬೇಡಿ ಅಂತ ಹುಡುಗರಿಗೆ ಮೊದಲೇ ಹೇಳಿ. ಎರಡು ಸಲ ಫುಲ್ ಟ್ಯಾಂಕ್ ಮಾಡಿಸಿ ಮೈಲೇಜ್ ಲೆಕ್ಕ ಹಾಕಿದ ಮೇಲೆ ಪ್ಲಗ್ ಮತ್ತೆ ಬಿಚ್ಚಿ ನೋಡಿ. ಕಪ್ಪಾಗಿದ್ದರೆ ಮ್ಯಾಪ್ ಒಂದು ಇಳಿಸಿ.