ಏಜೆಂಟ್ ಜತೆಗಿನ ಮನೆ ಮಾರಾಟದ ಕರಾರಿನಿಂದ ಹೊರಬರುವುದು ಹೇಗೆ?

ಮನೆ ಮಾರಿಕೊಡಿ ಎಂದು ಏಜೆಂಟರಿಗೆ ಒಪ್ಪಿಸಿದ ಮೇಲೆ ಮನಸ್ಸು ಬದಲಾದರೆ ತಪ್ಪೇನಿಲ್ಲ. ಮಾರುವ ಅಗತ್ಯವೇ ತಪ್ಪಿರಬಹುದು, ಏಜೆಂಟ್ ಫೋನ್ ಎತ್ತುವುದನ್ನೇ ಬಿಟ್ಟಿರಬಹುದು. ಆದರೆ ‘ಬೇಡ ಬಿಡಿ’ ಎಂದು ಬಾಯಿಮಾತಿನಲ್ಲಿ ಹೇಳಿ, ಎಲ್ಲ ಮುಗಿಯಿತೆಂದು ನಂಬಿದವರು ಆಮೇಲೆ ಒಂದೇ ಮನೆಗೆ ಇಬ್ಬರಿಗೆ ಕಮಿಷನ್ ಕೊಡಬೇಕಾಗಿ ಬಂದದ್ದನ್ನು ನೋಡಿದ್ದೇನೆ.

ಹೆಜ್ಜೆ 1: ಕರಾರುಪತ್ರವನ್ನು ಪೂರ್ತಿ ಓದಿ. ಅವಧಿ ಯಾವಾಗ ಮುಗಿಯುತ್ತದೆ, ರದ್ದತಿಗೆ ಎಷ್ಟು ದಿನದ ನೋಟಿಸ್ ಕೊಡಬೇಕು, ಶುಲ್ಕವಿದೆಯೇ ಎಂಬುದಕ್ಕೆ ಗೆರೆ ಎಳೆಯಿರಿ. ಯಾರು ಮಾರಿದರೂ ಕಮಿಷನ್ ಏಜೆಂಟರಿಗೇ ಸಲ್ಲಬೇಕು ಎಂಬ ಏಕಸ್ವಾಮ್ಯದ ಕರಾರಾದರೆ, ಮನೆಯನ್ನು ಸ್ವಂತ ಅಣ್ಣನಿಗೆ ನೀವೇ ಮಾರಿದರೂ ಅವರಿಗೆ ದುಡ್ಡು ಕೊಡಬೇಕಾಗುತ್ತದೆ. ಅವಧಿ ಮುಗಿಯಲು ಎರಡು ವಾರವಷ್ಟೇ ಉಳಿದಿದ್ದರೆ ಜಗಳಕ್ಕೆ ಹೋಗದೆ ಕಾಯುವುದೇ ಮೇಲು. ತಾನಾಗಿ ನವೀಕರಣವಾಗುವ ಷರತ್ತು ಇದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಹೆಜ್ಜೆ 2: ಸರಿಯಾದ ವ್ಯಕ್ತಿಯನ್ನು ಹಿಡಿಯಿರಿ. ಏಜೆಂಟ್ ಒಂದು ಸಂಸ್ಥೆಯವರಾಗಿದ್ದರೆ ನಿಮ್ಮ ಕರಾರು ಸಾಮಾನ್ಯವಾಗಿ ಆ ಸಂಸ್ಥೆಯ ಜತೆಗಿರುತ್ತದೆ. ಕರಾರು ರದ್ದಾಗಿದೆ ಎಂದು ಬರೆದುಕೊಡುವ ಬಿಡುಗಡೆ ಪತ್ರಕ್ಕೆ ಸಂಸ್ಥೆಯ ಮುಖ್ಯಸ್ಥರ ಸಹಿ ಬೇಕು. ತೊಂದರೆ ಏಜೆಂಟರದ್ದು ಮಾತ್ರವಾದರೆ ಅಲ್ಲಿಯೇ ಬೇರೊಬ್ಬರನ್ನು ಕೇಳಿ.

ಹೆಜ್ಜೆ 3: ಲಿಖಿತ ಬಿಡುಗಡೆ ಪಡೆಯಿರಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಕರಾರು ರದ್ದಾದರೂ ಅದರ ಬಾಲ ಉಳಿಯುತ್ತದೆ: ಅವಧಿಯಲ್ಲಿ ಏಜೆಂಟ್ ಕರೆತಂದ ಗಿರಾಕಿ, ಆಮೇಲೆ ಇಂತಿಷ್ಟು ದಿನದೊಳಗೆ ಮನೆ ಕೊಂಡರೆ ಕಮಿಷನ್ ಹಳೆಯ ಏಜೆಂಟರಿಗೆ ಎಂಬ ಷರತ್ತು. 30 ದಿನದಿಂದ 180 ದಿನದವರೆಗೂ ಇದನ್ನು ಬರೆದಿರುವುದುಂಟು. ಎರಡನೇ ತಿಂಗಳಲ್ಲಿ ಮನೆ ನೋಡಿ ಹೋದ ದಂಪತಿ, ನೀವು ಹೊಸ ಏಜೆಂಟರನ್ನು ಹಿಡಿದ ಮೇಲೆ ಮತ್ತೆ ಬಂದು ಕೊಂಡರು ಎನ್ನಿ. ಹೊಸಬರು ಕಮಿಷನ್ ಕೇಳುತ್ತಾರೆ, ಹಳಬರೂ ಕೇಳುತ್ತಾರೆ. ಆದ್ದರಿಂದ ಮನೆ ನೋಡಿದವರ ಹೆಸರಿನ ಪಟ್ಟಿ ಬರೆಸಿಕೊಳ್ಳಿ, ಆ ಪಟ್ಟಿಯಲ್ಲಿ ಇಲ್ಲದವರಿಗೆ ಷರತ್ತು ಅನ್ವಯಿಸದು ಎಂದು ಸೇರಿಸಿ. ಹೊಸ ಕರಾರಿನಲ್ಲಿ, ಪಟ್ಟಿಯಲ್ಲಿರುವವರೇ ಕೊಂಡರೆ ಹೊಸ ಏಜೆಂಟರಿಗೆ ಕಮಿಷನ್ ಇಲ್ಲ ಎಂದು ಬರೆಸಿ.

ಬಿಡುಗಡೆ ಪತ್ರದಲ್ಲಿ ಇಷ್ಟಾದರೂ ಇರಲಿ: ‘ಇಂಥ ದಿನಾಂಕದ ಕರಾರು ಇಂದಿನಿಂದ ರದ್ದಾಗಿದೆ. ಪಟ್ಟಿಯಲ್ಲಿರುವ ಗಿರಾಕಿಗಳನ್ನು ಬಿಟ್ಟು ಬೇರೆ ಯಾರಿಗೆ ಮಾರಿದರೂ ಸಂಸ್ಥೆಗೆ ಕಮಿಷನ್ ಹಕ್ಕಿಲ್ಲ. ಬೇರೆ ಏಜೆಂಟರನ್ನು ನೇಮಿಸಿಕೊಳ್ಳಲು ಮಾಲೀಕರು ಸ್ವತಂತ್ರರು.’ ಕೊನೆಯ ವಾಕ್ಯ ಬಹಳ ಮುಖ್ಯ. ಕೆಲವು ಸಂಸ್ಥೆಗಳು ಮನೆಯನ್ನು ಮಾರುಕಟ್ಟೆಯಿಂದ ಇಳಿಸಲು ಮಾತ್ರ ಒಪ್ಪುತ್ತವೆ. ಮೂಲ ಅವಧಿ ಮುಗಿಯುವವರೆಗೆ ಬೇರೆಯವರ ಮೂಲಕ ಮಾರಲು ಬಿಡುವುದಿಲ್ಲ. ಇಂಟರ್ನೆಟ್‌ನಲ್ಲಿ ಸಿಗುವ ಸಿದ್ಧ ಮಾದರಿ ಪತ್ರಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ‘ರದ್ದುಪಡಿಸಿದ್ದೇನೆ’ ಎಂಬ ಒಂದು ಸಾಲು ಬಿಟ್ಟರೆ ಬಹುತೇಕ ಪತ್ರಗಳಲ್ಲಿ ಈ ಯಾವ ರಕ್ಷಣೆಯೂ ಇರುವುದಿಲ್ಲ. ಮಾತುಕತೆ ಎದುರಾಎದುರೇ ನಡೆಯಲಿ, ಒಪ್ಪಿದ್ದನ್ನು ಅಂದೇ ಈಮೇಲ್‌ನಲ್ಲಿ ಬರೆದು ಕಳಿಸಿ.

ಮನೆ ತೋರಿಸದೆ ಸತಾಯಿಸಿ ಏಜೆಂಟರೇ ಬೇಸತ್ತು ಬಿಡಲಿ ಎಂದು ಕೆಲವರು ಕಾಯುತ್ತಾರೆ. ಈ ಅಡ್ಡದಾರಿ ಬೇಡ. ಕರಾರು ಮುರಿದವರು ನೀವೇ ಎಂದಾಗುತ್ತದೆ. ಕೇಳಿದ ಪೂರ್ತಿ ಬೆಲೆ ಕೊಡುವ ಗಿರಾಕಿಯನ್ನು ಅವರು ಕರೆತಂದ ಮೇಲೆ ಹಿಂದೆ ಸರಿದರೆ, ಮಾರಾಟ ಆಗದಿದ್ದರೂ ಕಮಿಷನ್ ಕೇಳುವ ಹಕ್ಕು ಅನೇಕ ಕರಾರುಗಳಲ್ಲಿ ಅವರಿಗಿರುತ್ತದೆ. ಹೊರಬರುವುದಾದರೆ ಅಂಥ ಆಫರ್ ಬರುವ ಮೊದಲೇ ಹೊರಬನ್ನಿ.

ಹೆಜ್ಜೆ 4: ಖರ್ಚು ಚುಕ್ತಾ ಮಾಡಿ. ಫೋಟೊ, ಜಾಹೀರಾತಿನ ಹಣ ಕೇಳಿದರೆ ಬಿಲ್ ತೋರಿಸಲು ಹೇಳಿ. ನ್ಯಾಯವಾದ ಖರ್ಚನ್ನು ಕೊಟ್ಟುಬಿಡಿ, ಬಿಡುಗಡೆ ಬೇಗ ಸಿಗುತ್ತದೆ. ಒಪ್ಪಲೇ ಇಲ್ಲವೆಂದರೆ ಅಥವಾ ದೊಡ್ಡ ಮೊತ್ತ ಕೇಳಿದರೆ ವಕೀಲರಿಗೆ ಕರಾರುಪತ್ರ ತೋರಿಸಿ.

ಹೆಜ್ಜೆ 5: ಕೀಲಿ, ದಾಖಲೆಗಳ ಪ್ರತಿ ವಾಪಸ್ ಪಡೆಯಿರಿ. ವೆಬ್‌ಸೈಟ್‌ಗಳಿಂದ ಜಾಹೀರಾತು ಇಳಿದಿದೆಯೇ ಎಂದು ಒಂದು ವಾರ ಬಿಟ್ಟು ನೀವೇ ಹುಡುಕಿ ನೋಡಿ.