ಹೆಬ್ಬೆಟ್ಟಿಗೆ ಮೊದಲು ಐದು ಪ್ರಶ್ನೆ

ಸಂಶೋಧನೆಗೆ ಮಾತಾಡುವವರಿಂದ ಪಡೆಯುವ ಏಳು ಪುಟದ ಒಪ್ಪಿಗೆ ಪತ್ರವನ್ನು ಒಂದೇ ಹಾಳೆಗೆ ಇಳಿಸಿದರೆ, ಇಂಥ ಅಧ್ಯಯನಗಳಿಗೆ ಅನುಮತಿ ಕೊಡುವ ನೈತಿಕತಾ ಸಮಿತಿ ಬಿಡುವುದಿಲ್ಲ ಎಂದವರೇ ಎಲ್ಲ. ಬಿಟ್ಟಿತು. ಮೂರನೇ ಸಲಕ್ಕೆ ಬಿಟ್ಟಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಪುಣೆಯ ವಾಘೋಲಿ, ಹಿಂಜವಡಿ ಕಡೆಯ ಕಟ್ಟಡ ಕೆಲಸದ ಕ್ಯಾಂಪುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಮೊದಲಾದ ಕಡೆಯಿಂದ ಬಂದವರ ಕೂಲಿ ಬಾಕಿ, ಗಾಯ, ಆಸ್ಪತ್ರೆ ಖರ್ಚು ಕೇಳುವ ಅಧ್ಯಯನ ಅದು. ಎರಡು ಹಂಗಾಮಿನಲ್ಲಿ ಸುಮಾರು 140 ಮಾತುಕತೆ ಆದವು. ಇಂಥ ಕೆಲಸ ಮಾಡುವ ಬೇರೆ ವಿಭಾಗದವರು ಈಗ ಆ ಹಾಳೆ ಕಳಿಸಿ ಎನ್ನುತ್ತಿದ್ದಾರೆ. ಹಾಳೆ ಒಂದನ್ನೇ ಕಳಿಸಿ ಉಪಯೋಗವಿಲ್ಲ, ಅದಕ್ಕೇ ಇದು.

ಹಳೆಯ ಪತ್ರ ಇಂಗ್ಲಿಷಿನಿಂದ ಮರಾಠಿಗೆ, ಅಲ್ಲಿಂದ ಕನ್ನಡಕ್ಕೆ ಬಂದದ್ದು. ಅನುವಾದಕ್ಕೆ ಪದಕ್ಕೆ ಎರಡು ರೂಪಾಯಿಯಂತೆ ಕೊಟ್ಟಿದ್ದೆವು. ಬಂದದ್ದು 'ಸ್ವಯಂಪ್ರೇರಿತ ಭಾಗವಹಿಸುವಿಕೆ', 'ಹಿಂತೆಗೆದುಕೊಳ್ಳುವ ಹಕ್ಕು', 'ಗೌಪ್ಯತೆಯನ್ನು ಕಾಪಾಡಲಾಗುವುದು'. ಓದಿ ಹೇಳಲು 22 ನಿಮಿಷ. ಓದಿ ಮುಗಿಸಿ 'ತಿಳೀತೇನ್ರಿ?' ಅಂದರೆ ಎಲ್ಲರೂ 'ಹೂಂ'. ಆ ಹೂಂ ಮೇಲೆ ನಂಬಿಕೆ ಹೋದದ್ದು ಮೂವತ್ತು ಮಂದಿಗೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದಾಗ: ಮಾತಾಡುತ್ತಾ ನಡುವೆ ಎದ್ದು ಹೋದರೆ ನಡೆಯುತ್ತದಾ? ಹೌದು ಅಂದವರು ಒಂಬತ್ತೋ ಹತ್ತೋ. ಅರ್ಧಕ್ಕಿಂತ ಹೆಚ್ಚು ಜನ 'ಕಾರ್ಡು ಯಾವಾಗ ಬರ್ತದ್ರಿ?' ಅಂತ ತಿರುಗಿ ಕೇಳಿದರು. ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿ ಕಾರ್ಡಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ದಾಖಲೆ ಬೇಕು, ಅದಕ್ಕಾಗಿ ಅವರು ಅಲೆದು ಸುಸ್ತಾಗಿರುತ್ತಾರೆ. ಹೆಸರು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸುವ ಯಾರೇ ಬರಲಿ, ಕಾರ್ಡಿಗೇ ಬಂದವರು. ನಾವು ಬಾಯಿತುಂಬ 'ಸರ್ವೆ' ಅನ್ನುತ್ತಿದ್ದೆವು ಬೇರೆ. ಮೊದಲು ಕಿತ್ತ ಶಬ್ದ ಅದೇ.

ಹೊಸ ಹಾಳೆಯನ್ನು ಬರೆಯಲಿಲ್ಲ, ಮೊದಲು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿ ಆಮೇಲೆ ಕಾಗದಕ್ಕೆ ಇಳಿಸಿದೆವು. ಕ್ರಮ ತಿರುವುಮುರುವು ಆದದ್ದೇ ಗೆಲುವಿನ ಅರ್ಧ. 'ಹಿಂತೆಗೆದುಕೊಳ್ಳುವ ಹಕ್ಕು' ಇದ್ದ ಜಾಗಕ್ಕೆ ಬಂದದ್ದು: 'ಮನಸ್ಸಿದ್ರ ಮಾತಾಡ್ರಿ, ಇಲ್ಲಂದ್ರ ಇಲ್ಲ. ನಡುವ ಎದ್ದು ಹೋದ್ರೂ ನಡೀತದ. ರೊಕ್ಕ ಹೊಳ್ಳಿ ಕೇಳಂಗಿಲ್ಲ.' ಮೊದಲ ಕರಡಿನಲ್ಲಿ 'ನಿಮ್ಮ ಕೆಲಸಕ್ಕ ಏನೂ ಆಗಂಗಿಲ್ಲ' ಅಂತಲೂ ಇತ್ತು. ಕೂಲಿಯವರನ್ನು ಕರೆತಂದು ಕೆಲಸಕ್ಕೆ ಹಚ್ಚುವ ಮುಕಾದಮ ಏನು ಮಾಡುತ್ತಾನೆ ಎಂಬ ಭರವಸೆ ಕೊಡಲು ನಾವು ಯಾರು? 'ನಮ್ಮ ಕಡಿಂದ ನಿಮ್ಮ ಮಾತು ಮುಕಾದಮಗ ಮುಟ್ಟಂಗಿಲ್ಲ' ಎಂದು ತಿದ್ದಿದೆವು. ನಮ್ಮ ಕೈಯಲ್ಲಿರುವುದು ಅಷ್ಟೇ.

'ಅದ' ಅನ್ನುವ ಕಲಬುರಗಿ ಕಡೆಯವರಿಗೂ 'ಐತಿ' ಅನ್ನುವ ಬಾಗಲಕೋಟೆ, ಬೆಳಗಾವಿ ಕಡೆಯವರಿಗೂ ಬೇರೆ ಬೇರೆ ಧ್ವನಿ ಮಾಡಿದೆವು. ಇದು ಅತಿಯಾಯಿತು ಎಂದು ನಕ್ಕವರುಂಟು. ಅರ್ಥ ಎರಡರಲ್ಲೂ ಆಗುತ್ತದೆ, ಖರೆ. ಆದರೆ ನಮ್ಮ ಕಡೆಯವರ ಮಾತು ಅನ್ನಿಸಿದರೆ ಜನ ಎದುರು ಪ್ರಶ್ನೆ ಕೇಳುತ್ತಾರೆ, ಪುಸ್ತಕದ ಕನ್ನಡಕ್ಕೆ ತಲೆಯಾಡಿಸುತ್ತಾರೆ. ನಮಗೆ ಬೇಕಾದದ್ದು ಎದುರು ಪ್ರಶ್ನೆ. ತಾಂಡಾಗಳಿಂದ ಬಂದ ಲಂಬಾಣಿ ಹೆಂಗಸರಿಗೆ ಎರಡೂ ಸಾಲದು, ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಧ್ವನಿ ಕೇಳಿಸಲು ನಾಲ್ಕು ನಿಮಿಷ. ಆಮೇಲೆ ಐದು ಪ್ರಶ್ನೆ: ನಾವು ಏನು ಕೇಳೋಕೆ ಬಂದೇವಿ? ಇದರಿಂದ ಕಾರ್ಡು ಸಿಗ್ತದೇನು? ಬ್ಯಾಡನಿಸಿದ್ರ ಏನ್ ಮಾಡ್ತೀರಿ? ನಿಮ್ಮ ಮಾತು ಯಾರ ಕಿವಿಗೆ ಬೀಳ್ತದ? ಆಮ್ಯಾಲ ತಕರಾರು ಬಂದ್ರ ಯಾರಿಗೆ ಫೋನ್ ಹಚ್ತೀರಿ? ಹೌದು, ಇಲ್ಲ ಎಂದರೆ ಲೆಕ್ಕಕ್ಕಿಲ್ಲ, ಅವರ ಮಾತಲ್ಲೇ ಹೇಳಬೇಕು. ಪರೀಕ್ಷೆ ಅನ್ನಿಸಬಾರದು ಎಂದು 'ನಾ ಸರಿ ಹೇಳೀನೋ ಇಲ್ಲೋ ನೋಡ್ಕೋಬೇಕಾಗೇದ' ಅಂತ ಶುರು ಮಾಡುವುದು. ಎರಡು ತಪ್ಪಿದರೆ ಆ ಭಾಗ ಮತ್ತೆ ಹೇಳುವುದು. ಆಗಲೂ ತಪ್ಪಿದರೆ ಹಣ ಕೊಟ್ಟು, ಚಹಾ ಕುಡಿದು, ಮಾತುಕತೆ ಮಾಡದೆ ಏಳುವುದು. ಹೀಗೆ ಹನ್ನೊಂದು ಜನರನ್ನು ಬಿಟ್ಟೆವು. ಉಳಿದವರಲ್ಲಿ ಎದ್ದು ಹೋಗಬಹುದು ಎಂದು ಗೊತ್ತಿದ್ದವರು ಮೂವತ್ತಕ್ಕೆ ಇಪ್ಪತ್ತಾರು, ಇಪ್ಪತ್ತೇಳು. ನಾಲ್ಕಾರು ಜನ ನಿಜಕ್ಕೂ ನಡುವೆ ಎದ್ದು ಹೋದರು. ಹಳೆಯ ಪತ್ರದ ಕಾಲದಲ್ಲಿ ಎದ್ದವರು ಒಬ್ಬರೂ ಇಲ್ಲ. ಸಮಿತಿಯ ಮುಂದೆ ನಾವು ಇಟ್ಟ ದೊಡ್ಡ ಸಾಕ್ಷ್ಯ ಇದೇ. ಮೂರನೇ ಪ್ರಶ್ನೆಯನ್ನು ನಿಜವಾಗಿ ಕೇಳುವ ಶಬ್ದಗಳು ಇಲ್ಲಿ ಬರೆದ ಹಾಗಿಲ್ಲ. ಅದನ್ನು ಜೊತೆಗೆ ಕ್ಯಾಂಪಿಗೆ ಬಂದವರಿಗಷ್ಟೇ ಹೇಳಿಕೊಡುವುದು.

ಸಾಕ್ಷಿಯ ವಿಷಯದಲ್ಲಿ ಚೆನ್ನಾಗಿಯೇ ಪೆಟ್ಟು ತಿಂದೆವು. ಓದಲು ಬಾರದವರ ಹೆಬ್ಬೆಟ್ಟಿಗೆ, ಹೇಳುವಾಗ ಪೂರ್ತಿ ಕೂತಿದ್ದ ನಿಷ್ಪಕ್ಷಪಾತಿ ಸಾಕ್ಷಿಯ ಸಹಿ ಬೇಕು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಇದೆ. ಶೆಡ್ಡಿನಲ್ಲಿ ಸಹಿ ಹಾಕಲು ಬರುವವರು ಯಾರು? ಮುಕಾದಮ, ಅವನ ತಮ್ಮ. ಮೊದಲ ಎರಡು ವಾರ ಅವರ ಕೈಲೇ ಹಾಕಿಸಿದೆವು. ಉಚಲು, ಅಂದರೆ ಮುಂಗಡ, ಕೊಟ್ಟು ಕರೆತಂದವನು ಪಕ್ಕದಲ್ಲಿ ಕೂತಿದ್ದಾಗ ಪಗಾರ ಬಾಕಿ ಇದೆ ಎಂದು ಯಾರು ಬಾಯಿ ಬಿಡುತ್ತಾರೆ? ಹದಿನಾಲ್ಕು ಮಾತುಕತೆ ತೆಗೆದೊಗೆದೆವು. ಆಮೇಲೆ ಕ್ಯಾಂಪಿನ ಕಿರಾಣಿಯವರನ್ನು ಹಿಡಿದೆವು, ಅವರ ಹತ್ತಿರ ಎಲ್ಲರ ಉದ್ರಿ ಪುಸ್ತಕ, ಎಲ್ಲರೂ ಅವರಿಗೆ ಸಾಲಗಾರರೇ. ಅದೂ ಹೋಯಿತು. ಕೊನೆಗೆ ನಿಂತದ್ದು ಈ ಯೋಜನೆಗೆ ಸಂಬಂಧವೇ ಇಲ್ಲದ ಬೇರೆ ವಿಭಾಗದ ಕನ್ನಡ ಬಲ್ಲ ವಿದ್ಯಾರ್ಥಿಗಳು, ಸಂಜೆಗೆ 300 ರೂಪಾಯಿ ಮತ್ತು ಬಸ್ ಚಾರ್ಜು. ಮುಕಾದಮನ ಅನುಮತಿ ಗೇಟು ದಾಟಲು ಮಾತ್ರ. ಆ ಒಂದು ಗಂಟೆ ಅವನು ಶೆಡ್ಡಿನ ಹತ್ತಿರ ಸುಳಿಯದಂತೆ ಏನು ಮಾಡುತ್ತಿದ್ದೆವು ಎಂಬುದನ್ನು ಬರೆಯುವುದಿಲ್ಲ. ಮುಕಾದಮರೂ ಮೊಬೈಲ್ ಓದುತ್ತಾರೆ.

ಸಮಿತಿಯ ಒಬ್ಬರು ಒಪ್ಪಿಗೆಯನ್ನು ವಿಡಿಯೊ ಮಾಡಿ ಅಂದರು. ಅದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಮಾತು. ನಮ್ಮಲ್ಲಿ ಔಷಧವೇ ಇಲ್ಲ, ಇರುವ ದೊಡ್ಡ ಅಪಾಯ ಮುಖ ಗುರುತು ಸಿಗುವುದು. ವಿಡಿಯೊ ಮಾಡಿದರೆ ಆ ಅಪಾಯವನ್ನು ನಾವೇ ತಯಾರಿಸಿದಂತೆ. ಇದನ್ನು ವಿವರಿಸಲು ಒಂದು ಪೂರ್ತಿ ಸಭೆ ಹೋಯಿತು.

ಹಣದ ಮಾತು. ಮೊದಲು ಏನೂ ಕೊಡಲಿಲ್ಲ, ದುಡಿದು ಬಂದವರ ಸಂಜೆಯನ್ನು ಪುಕ್ಕಟೆ ತಿಂದೆವು. ಆಮೇಲೆ 500 ಕೊಟ್ಟು ನೋಡಿದೆವು. ಆಗ ದಿನಗೂಲಿ 550-600 ಇದ್ದದ್ದು. ಸಾಲು ಹಚ್ಚಿದರು, ಮುಕಾದಮ ತಲೆಗೆ ನೂರು ತನಗೆ ಎಂದ, ಒಲ್ಲೆ ಎನ್ನುವ ಸ್ವಾತಂತ್ರ್ಯ ಹಣದಲ್ಲಿ ಮುಳುಗಿತು. 150ಕ್ಕೆ ಬಂದು ನಿಂತೆವು: ಒಂದು ತಾಸಿನ ಕೂಲಿಯ ಎರಡು ಪಟ್ಟು. ಮಾತು ಶುರುವಾಗುವ ಮೊದಲೇ ಕೈಗೆ. ಫೋನ್‌ಪೇ, ಗೂಗಲ್‌ಪೇ ಬೇಡವೇ ಬೇಡ, ಹೆಸರು, ನಂಬರು, ತಾರೀಖು ಎಲ್ಲ ಬ್ಯಾಂಕಿನಲ್ಲಿ ಉಳಿಯುತ್ತದೆ. ಐವತ್ತರ ನೋಟುಗಳೇ ಸರಿ.

ಆದರೆ ಲೆಕ್ಕಪತ್ರ ವಿಭಾಗ? ವೋಚರಿಗೆ ಹೆಸರು, ಸಹಿ, ಫೋನ್ ನಂಬರು ಬೇಕೇ ಬೇಕು. ಹೆಸರು ಹೊರಗೆ ಬರುವುದಿಲ್ಲ ಎಂದು ಕ್ಯಾಂಪಿನಲ್ಲಿ ಮಾತು ಕೊಟ್ಟು, ಅದೇ ಹೆಸರಿನ ಪಟ್ಟಿಯನ್ನು ಮೂರು ಮೇಜು ದಾಟಿಸಿ ಆಡಿಟಿಗೆ ಕಳಿಸುವುದು ಎಷ್ಟು ಯೋಜನೆಗಳಲ್ಲಿ ನಡೆದಿಲ್ಲ! ನಾವು ಮಾಡಿದ್ದು: ವೋಚರಿನಲ್ಲಿ ಸಂಕೇತ ಸಂಖ್ಯೆ, ಮೊತ್ತ, ಕೊಟ್ಟವರ ಮತ್ತು ಸಾಕ್ಷಿಯ ಸಹಿ ಮಾತ್ರ. ಹೆಸರಿನ ರಸೀದಿ ಪುಸ್ತಕ ಬೇರೆ, ಮೊಹರು ಹಾಕಿದ ಲಕೋಟೆಯಲ್ಲಿ ಸಮಿತಿಯ ಸದಸ್ಯ ಕಾರ್ಯದರ್ಶಿಯ ಕಪಾಟಿನಲ್ಲಿ. ಆಡಿಟರ್ ಬೇಕೆಂದರೆ ಅಲ್ಲೇ ಕೂತು ನೋಡಬಹುದು, ಪ್ರತಿ ಒಯ್ಯುವಂತಿಲ್ಲ. ಇದಕ್ಕೆ ಒಪ್ಪಿಗೆ ಬರಲು ನಾಲ್ಕು ತಿಂಗಳು ಹಿಡಿಯಿತು, ಅಷ್ಟು ದಿನ ಸುಮಾರು ಇಪ್ಪತ್ತು ಸಾವಿರ ಕೈಯಿಂದಲೇ ಹೋಗಿತ್ತು. ಯೋಜನೆ ಬರೆಯುವಾಗಲೇ ಈ ವೋಚರ್ ಕ್ರಮವನ್ನು ಬಜೆಟ್ಟಿನ ಕೆಳಗೆ ಒಂದು ಸಾಲಾಗಿ ಸೇರಿಸಿ.

ಪತ್ರದ ಒಂದು ಪ್ರತಿ ಅವರಿಗೆ ಕೊಡಬೇಕೆಂಬ ನಿಯಮ ಒಳ್ಳೆಯದೇ, ಆದರೆ ತಗಡಿನ ಶೆಡ್ಡಿನಲ್ಲಿ ಕಾಗದ ಬಚ್ಚಿಡಲು ಜಾಗ ಎಲ್ಲಿ? ಸಂಸ್ಥೆಯ ಲಾಂಛನ ಇದ್ದ ಹಾಳೆಯನ್ನು ಹಲವರು ಅಲ್ಲೇ ಒಲೆಗೆ ಹಾಕಿದರು. ಪ್ರತಿ ಬೇಕೇ ಎಂದು ಕೇಳಿ, ಬೇಡ ಎಂದವರಿಗೆ ಫೋನ್ ನಂಬರು, ಸಂಕೇತ ಸಂಖ್ಯೆ ಮಾತ್ರ ಇರುವ ಚೀಟಿ ಕೊಟ್ಟೆವು.

'ಯಾರಿಗೂ ಹೇಳುವುದಿಲ್ಲ' ಎಂದು ಬರೆಯಬೇಡಿ, ಅದು ಸುಳ್ಳು. ನ್ಯಾಯಾಲಯ ಕೇಳಿದರೆ ಸಂಶೋಧಕರಿಗೆ ವಕೀಲರಿಗಿರುವಂಥ ರಕ್ಷಣೆ ನಮ್ಮಲ್ಲಿಲ್ಲ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದು ಗೊತ್ತಾದರೆ ಮಕ್ಕಳ ರಕ್ಷಣೆಯ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ಹಾಳೆಯಲ್ಲಿ ಬಂದದ್ದು: 'ಕೂಸುಗಳಿಗೆ ಯಾರರೆ ಕೆಟ್ಟದ್ದು ಮಾಡ್ಯಾರಂತ ಗೊತ್ತಾದ್ರ ನಾವು ಸುಮ್ನ ಇರಂಗಿಲ್ಲ, ಪೊಲೀಸರಿಗೆ ಹೇಳಲೇಬೇಕು.' ಈ ಸಾಲು ಕೇಳಿ ಜನ ಹಿಂಜರಿಯುತ್ತಾರೆ ಎಂದು ಹೆದರಿಸಿದರು. ಯಾರೂ ಏಳಲಿಲ್ಲ.

ರೆಕಾರ್ಡಿಂಗಿಗೆ ಫೋನ್ ಬೇಡ. ಒಂದು ಫೋನು ಅದರ ಪಾಡಿಗೆ ಮೂರು ಧ್ವನಿ ಕಡತಗಳನ್ನು ಕ್ಲೌಡಿಗೆ ಏರಿಸಿಬಿಟ್ಟಿತ್ತು, ಅಳಿಸಿದರೂ ಕಸದಬುಟ್ಟಿಯಲ್ಲಿ ಕೂತಿತ್ತು. ಸಿಮ್ ಇಲ್ಲದ ರೆಕಾರ್ಡರ್ ಒಂಬತ್ತು ಸಾವಿರದ ಹತ್ತಿರ, ಎರಡು ಕೊಂಡೆವು. ಅವತ್ತೇ ರಾತ್ರಿ ಧ್ವನಿಯನ್ನು ಕಂಪ್ಯೂಟರಿನಲ್ಲಿ ವೆರಾಕ್ರಿಪ್ಟ್ ಎಂಬ ತಂತ್ರಾಂಶದಿಂದ ಬೀಗ ಹಾಕಿದ ಪೆಟ್ಟಿಗೆಗೆ ಹಾಕಿ ರೆಕಾರ್ಡರಿನ ಮೆಮೊರಿ ಕಾರ್ಡ್ ಒರೆಸುವುದು. ಪಾಸ್‌ವರ್ಡ್ ಅರ್ಧ ಒಬ್ಬರ ಬಳಿ, ಅರ್ಧ ಇನ್ನೊಬ್ಬರ ಬಳಿ. ಒಮ್ಮೆ ಒಬ್ಬರು ಊರಿಗೆ ಹೋಗಿ ವಾರ ಕೆಲಸ ನಿಂತಿತು, ನಿಲ್ಲಲಿ.

ಅಕ್ಷರಕ್ಕೆ ಇಳಿಸಲು ವಿಸ್ಪರ್ ಎಂಬ ಎಐ ಮಾದರಿಯನ್ನು ನಮ್ಮದೇ ಯಂತ್ರದಲ್ಲಿ ಓಡಿಸಿ ನೋಡಿದೆವು, ಧ್ವನಿ ಹೊರಗೆ ಹೋಗಬಾರದು ಎಂದು. ಕನ್ನಡ, ಮರಾಠಿ, ದಖ್ಖನಿ ಉರ್ದು ಬೆರೆತ ಮಾತಿಗೆ ಅದು ಬರೆದದ್ದನ್ನು ತಿದ್ದುವುದಕ್ಕಿಂತ ಕೈಯಲ್ಲಿ ಬರೆಯುವುದೇ ಬೇಗ. ಬಿಟ್ಟೆವು.

ಹೆಸರು ತೆಗೆದರೆ ಗುರುತು ಹೋಗುತ್ತದೆ ಎಂದುಕೊಂಡವರಿಗೆ: 'ಅಫಜಲಪುರ ತಾಲೂಕು, ಲಿಫ್ಟಿನ ಗುಂಡಿಗೆ ಬಿದ್ದು ಬಲಗಾಲು ಮುರಿದುಕೊಂಡ, 34 ವಯಸ್ಸಿನ ಸೆಂಟ್ರಿಂಗ್ ಕೆಲಸದವನು' ಎಂದರೆ ಕ್ಯಾಂಪಿಗೆ ಕ್ಯಾಂಪೇ ಹೇಳುತ್ತದೆ ಯಾರೆಂದು. ತಾಲೂಕು ತೆಗೆದು ಜಿಲ್ಲೆ, ವಯಸ್ಸು ಐದೈದು ವರ್ಷದ ಗುಂಪು, 'ಎತ್ತರದಿಂದ ಬಿದ್ದ ಗಾಯ' ಇಷ್ಟೇ ಇಡುವುದು. ಲೇಖನ ಸಪ್ಪೆಯಾಗುತ್ತದೆ. ಆಗಲಿ.

ಪಕ್ಕದಲ್ಲೇ ಒಂದು ಪ್ರಯೋಗ ತರಗತಿಯಲ್ಲೂ ನಡೆಯಿತು. ವಿದ್ಯಾರ್ಥಿಗಳ ಪ್ರಬಂಧಗಳನ್ನು ಅಧ್ಯಯನಕ್ಕೆ ಬಳಸಬೇಕಿತ್ತು. ಅಂಕ ಹಾಕುವವರೇ ಒಪ್ಪಿಗೆ ಕೇಳಿದರೆ ಮುಕಾದಮನಿಗೂ ನಮಗೂ ಏನು ವ್ಯತ್ಯಾಸ? ಒಪ್ಪಿಗೆ ಚೀಟಿಗಳನ್ನು ಬೇರೆ ಅಧ್ಯಾಪಕರು ಪಡೆದು, ಫಲಿತಾಂಶ ಬರುವ ತನಕ ಅವರೇ ಇಟ್ಟುಕೊಂಡರು. ಹಿಂದಿನ ವರ್ಷ ಕೇಳಿದಾಗ ಒಬ್ಬರೂ ಬೇಡ ಎಂದಿರಲಿಲ್ಲ. ಈ ಸಲ ನಲವತ್ತರಲ್ಲಿ ಏಳು ಜನ ಬೇಡ ಎಂದಿದ್ದರು.

ಒಪ್ಪಿಗೆಯ ಮಾತನ್ನು ತಿಳಿಸಲು ಮಾಡಿಸಿದ ಚಿತ್ರದ ಕಾರ್ಡುಗಳು ಮಾತ್ರ ಪೂರ್ತಿ ದಂಡ, ಮುದ್ರಣಕ್ಕೆ ಆರು ಸಾವಿರ. ಗುಟ್ಟು ಕಾಯುತ್ತೇವೆ ಎನ್ನಲು ಬೀಗದ ಚಿತ್ರ ಹಾಕಿದರೆ 'ಒಳಗ ಕೂಡಿ ಹಾಕ್ತಾರೇನ್ರಿ?' ಎಂದು ಕೇಳಿದರು.

ಲಂಬಾಣಿ ಧ್ವನಿಯ ಎರಡನೇ ಕರಡು ಈಗ ಸಿದ್ಧವಿದೆ. ಹೇಳಿದವರು ಗಂಡಸು, ಕೇಳುವ ಹೆಂಗಸರು ಮುಖ ತಿರುಗಿಸುತ್ತಾರೆ, ಮತ್ತೆ ಹೆಣ್ಣು ದನಿಯಲ್ಲಿ ಮಾಡಬೇಕು. ಬಿತ್ತನೆಗೆ ಊರಿಗೆ ಹೋದ ಗ್ಯಾಂಗುಗಳು ದೀಪಾವಳಿ ಕಳೆದು ಮರಳುವಷ್ಟರಲ್ಲಿ ಆಗಬೇಕು.