ಗುಳುಮುಳುಕ ಮುಳುಗಿದ ಮೇಲೆ ಎಲ್ಲಿ ನೋಡಬೇಕು?

ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಬರುವವರ ಕಣ್ಣು ಮೊದಲು ಹೋಗುವುದು ಹೆಜ್ಜಾರ್ಲೆಗಳ ಮೇಲೆ. ನನಗೆ ಮಾತ್ರ ಗುಳುಮುಳುಕ ಇಷ್ಟ. ಸುಮಾರು 25ರಿಂದ 29 ಸೆಂಟಿಮೀಟರ್ ಉದ್ದದ ಪುಟ್ಟ ಹಕ್ಕಿ. ಬಾತಿನ ಮರಿ ಅಂದುಕೊಳ್ಳುವವರೇ ಜಾಸ್ತಿ. ಆದರೆ ಇದಕ್ಕೂ ಬಾತಿಗೂ ಸಂಬಂಧ ಇಲ್ಲ. ಕೊಕ್ಕು ಚೂಪು, ಬಾಲ ಇಲ್ಲವೇನೋ ಅನ್ನುವಷ್ಟು ಮೋಟು.

ಇದನ್ನು ನೋಡುವಾಗಿನ ಕಷ್ಟ ಒಂದೇ. ಬೈನಾಕ್ಯುಲರ್ ಹಿಡಿಯುವಷ್ಟರಲ್ಲಿ ಮುಳುಗಿರುತ್ತದೆ! ಕಾಲುಗಳು ದೇಹದ ತೀರಾ ಹಿಂದಕ್ಕಿವೆ, ಬೆರಳುಗಳಿಗೆ ಅಗಲವಾದ ಅಂಚುಗಳಿವೆ. ಹಾಗಾಗಿ ನೀರೊಳಗೆ ವೇಗವಾಗಿ ಸಾಗುತ್ತದೆ, ಮುಳುಗಿದ ಕಡೆಯೇ ಏಳುವುದು ಅಪರೂಪ.

ನಾನು ಮಾಡುವುದಿಷ್ಟು. ಬೆಳಿಗ್ಗೆ ಬಿಸಿಲು ಬೆನ್ನಿಗೆ ಬರುವ ಹಾಗೆ ನಿಲ್ಲುತ್ತೇನೆ. ಹಕ್ಕಿ ಮುಳುಗಿದ ತಕ್ಷಣ ಬೈನಾಕ್ಯುಲರ್ ಇಳಿಸಿ, ಬರಿಗಣ್ಣಲ್ಲಿ ಇಡೀ ನೀರನ್ನು ನೋಡುತ್ತಾ ಮನಸ್ಸಲ್ಲೇ ಎಣಿಸುತ್ತೇನೆ. ಸಾಮಾನ್ಯವಾಗಿ ಇಪ್ಪತ್ತು ದಾಟುವಷ್ಟರಲ್ಲಿ ಬೆಂಡಿನ ಹಾಗೆ ಪುಟಕ್ಕನೆ ಮೇಲೆ ಬರುತ್ತದೆ. ಬರದಿದ್ದರೆ ಜೊಂಡಿನ ಅಂಚು ಹುಡುಕಬೇಕು. ಹೆದರಿದ ಹಕ್ಕಿ ಅಲ್ಲಿ ತಲೆಯಷ್ಟೇ ಹೊರಗಿಟ್ಟು ಸುಮ್ನೆ ಇರುತ್ತದೆ.

ಮಳೆಗಾಲದಲ್ಲಿ ಕಿವಿಯೇ ಸಾಕು. ಜೋಡಿ ಹಕ್ಕಿಗಳು ಒಟ್ಟಿಗೆ ಕಿಲಕಿಲನೆ ಕೂಗುತ್ತವೆ. ಆಗ ಕೆನ್ನೆ, ಕತ್ತು ಕೆಂಗಂದು. ಬಾಯಿಯ ಬುಡದಲ್ಲಿ ತಿಳಿಹಳದಿ ಚುಕ್ಕೆ ಎದ್ದು ಕಾಣುತ್ತದೆ. ಉಳಿದ ಕಾಲದಲ್ಲಿ ಮಂಕು ಕಂದು.

ಗೂಡು ನೀರಿನ ಮೇಲೆ ತೇಲುವ ಕೊಳೆತ ಸೊಪ್ಪಿನ ಗುಡ್ಡೆ. ಅದನ್ನು ಜೊಂಡಿಗೆ ಸಿಕ್ಕಿಸಿರುತ್ತದೆ. ಯಾರಾದರೂ ಹತ್ತಿರ ಬಂದರೆ ಹಕ್ಕಿ ಒದ್ದೆ ಸೊಪ್ಪನ್ನು ಬೇಗಬೇಗ ಮೊಟ್ಟೆ ಮೇಲೆ ಎಳೆದು, ನೀರಿಗೆ ಜಾರುತ್ತದೆ. ಬಿಳಿ ಮೊಟ್ಟೆಗಳು ಆ ಸೊಪ್ಪಿನಿಂದಲೇ ಕಂದಾಗುತ್ತವೆ. ಹಕ್ಕಿ ಮೊಟ್ಟೆ ಮುಚ್ಚಲು ಶುರು ಮಾಡಿತು ಅಂದರೆ ನಾನು ಅಲ್ಲಿಂದ ಹೊರಡುತ್ತೇನೆ. ಒಳ್ಳೆ ಫೋಟೋ ಸಿಗುತ್ತೆ ಅಂತ ಅಲ್ಲೇ ನಿಲ್ಲುವುದು ಸರಿಯಲ್ಲ. ಕಾವು ತಪ್ಪುತ್ತದೆ, ಕಾಗೆಗಳೂ ನೋಡುತ್ತಿರುತ್ತವೆ.

ಮರಿಗಳಿಗೆ ಮೈತುಂಬ ಪಟ್ಟೆ. ಅಪ್ಪ ಅಮ್ಮನ ಬೆನ್ನೇರಿ ರೆಕ್ಕೆಯೊಳಗೆ ಅಡಗುತ್ತವೆ. ಆಗ ಮರಿಯ ಬಾಯಿಗೆ ಏನು ಹೋಗುತ್ತಿದೆ ಎಂದು ಗಮನಿಸಿ. ಹುಳ, ಪುಟ್ಟ ಮೀನಿನ ಜೊತೆ ಪುಕ್ಕಗಳನ್ನೂ ತಿನ್ನಿಸುತ್ತವೆ! ಹೊಟ್ಟೆಯಲ್ಲಿ ಮೀನಿನ ಮುಳ್ಳು ಚುಚ್ಚದಂತೆ ಆ ಪುಕ್ಕಗಳು ಕಾಪಾಡುತ್ತವೆ ಎನ್ನುತ್ತಾರೆ ಪಕ್ಷಿತಜ್ಞರು.